ಸರ್ವಿಸ್ ಕಾಲಂ ಖಾಲಿ ಬಿಡಿ

"ಲಿನಕ್ಸಾ? ನಮ್ದ್ರಲ್ಲಿ ಅದು ಬರಲ್ಲ ಅಕ್ಕಾ" ಅಂದ ಕೇಬಲ್ ಹುಡುಗ, ನನ್ನ ಲ್ಯಾಪ್‌ಟಾಪಿನ ಕಡೆ ಬಗ್ಗಿ ನೋಡಿ.

ಸಾಗರದ ಅಮ್ಮನ ಮನೆಗೆ ನಾನು ವಾಪಸ್ ಬಂದು ಆಗ ಹದಿನೈದು ದಿನ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಎನ್ನುವ ಬೇರೆ ಆಪರೇಟಿಂಗ್ ಸಿಸ್ಟಂ. ಪುಸ್ತಕಗಳ ಕರಡು ತಿದ್ದುವುದು, ಪುಟ ವಿನ್ಯಾಸ ಮಾಡುವುದು ನನ್ನ ಕೆಲಸ. ದಿನಕ್ಕೆ ಮೂರ್ನಾಲ್ಕು ದಪ್ಪ ಪಿಡಿಎಫ್ ಕಳಿಸಲೇಬೇಕು. ಮೊಬೈಲ್ ಸಿಗ್ನಲ್ ಜಗಲಿಯ ಬಲಗಡೆ ಕಂಬದ ಹತ್ತಿರ ಮಾತ್ರ ಎರಡು ಕಡ್ಡಿ. ಮಳೆ ಹಿಡಿದರೆ ಅದೂ ಇಲ್ಲ. ಅದಕ್ಕೇ ಕೇಬಲ್ ಟೀವಿಯವರು ನಮ್ಮ ಬೀದಿಗೆ ಎಳೆದುಕೊಂಡು ಬಂದಿದ್ದ ಫೈಬರ್ ಇಂಟರ್ನೆಟ್ ಹಾಕಿಸಿದ್ದು.

ಹುಡುಗ ಕೆಲಸದಲ್ಲಿ ಚುರುಕು. ಕಪ್ಪು ವೈರಿನ ಸಿಪ್ಪೆ ಸುಲಿದು, ಒಳಗಿನ ಕೂದಲೆಳೆಯಂಥ ಗಾಜಿನ ಎಳೆಯನ್ನು ಸ್ಪಿರಿಟ್ ಹಚ್ಚಿ ಒರೆಸಿದ. ಅಂಗೈಯಗಲದ ಕ್ಲೀವರ್‌ನಲ್ಲಿಟ್ಟು ಟಕ್ ಅಂತ ತುದಿ ಕತ್ತರಿಸಿದ. ಜಗಲಿಯ ಮೇಲೆ ಸ್ಪ್ಲೈಸಿಂಗ್ ಮಷಿನ್ ಇಟ್ಟು ಮುಚ್ಚಳ ಹಾಕಿದ. ಅದರ ಚಿಕ್ಕ ಪರದೆಯಲ್ಲಿ ಎರಡು ತುದಿಗಳು ಹತ್ತಿರ ಬಂದು, ಒಮ್ಮೆ ಮಿಂಚಿ, ಒಂದಾದವು. ಅಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಮೀಟರ್ ಹಚ್ಚಿ "ಮೈನಸ್ ಇಪ್ಪತ್ತೊಂದು, ಸೂಪರ್" ಅಂದ. ಬೆಳಕಿನ ಪವರ್ ಅದು. ಮೈನಸ್ ಇಪ್ಪತ್ತೇಳರ ಆಚೆ ಹೋದರೆ ಗೋಡೆಗೆ ಹಾಕುವ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಕೆಂಪು ಲೈಟ್ ಬಂದು ಕೂರುತ್ತದಂತೆ.

ಆಮೇಲೆ ಪೆಟ್ಟಿಗೆಯಿಂದ ತನ್ನ ಲ್ಯಾಪ್‌ಟಾಪಿಗೆ ವೈರ್ ಹಾಕಿ, ಡಯಲ್ ಮಾಡಿ, ಅಂದರೆ ನನ್ನ ಐಡಿಯಲ್ಲಿ ಲಾಗಿನ್ ಆಗಿ, ಸ್ಪೀಡ್ ಟೆಸ್ಟಿನ ಫೋಟೋ ತೆಗೆದು ಅವರ ವಾಟ್ಸ್ಯಾಪ್ ಗುಂಪಿಗೆ ಕಳಿಸಿದ. ಅದೇ ವೈರ್ ಕಿತ್ತು ನನ್ನ ಕೈಗೆ ಕೊಟ್ಟ. ಈ ಫೋಟೋ ತೆಗೆದ ಐದು ನಿಮಿಷವೇ ನನ್ನ ಮುಂದಿನ ಎರಡು ದಿನ ತಿನ್ನುತ್ತದೆ ಅಂತ ಆಗ ಇಬ್ಬರಿಗೂ ಗೊತ್ತಿರಲಿಲ್ಲ. ರಸೀದಿಯ ಹಿಂದೆ ಯೂಸರ್ ಐಡಿ, ಪಾಸ್‌ವರ್ಡ್ ಬರೆದುಕೊಟ್ಟು, "ವಿಂಡೋಸ್ ಹಾಕ್ಸ್ಕೊಂಡು ಫೋನ್ ಮಾಡಿ ಅಕ್ಕಾ, ಮೋಡ ಕಟ್ತಾ ಇದೆ" ಅಂತ ಬೈಕ್ ಹತ್ತಿದ.

ರೌಟರ್ ಬೇಕಾದರೆ ಬೇರೆ ದುಡ್ಡು ಅಂದಿದ್ದರು. ಮನೆಯಲ್ಲಿರೋದು ಒಂದು ಲ್ಯಾಪ್‌ಟಾಪ್, ಎರಡು ಫೋನ್. ಲ್ಯಾಪ್‌ಟಾಪಿನಿಂದಲೇ ಡಯಲ್ ಮಾಡಿ ಹಂಚಿಕೊಂಡರಾಯ್ತು ಅಂತ ನಾನು ಬೇಡ ಅಂದಿದ್ದೆ. ಜಿಪುಣತನ ಅಂದರೆ ಜಿಪುಣತನವೇ.

ಗೋಡೆಗೆ ಹಾಕಿದ ಪೆಟ್ಟಿಗೆ ಬ್ರಿಡ್ಜ್ ಮೋಡ್‌ನಲ್ಲಿತ್ತು. ಅಂದರೆ ಅದು ಬೆಳಕನ್ನು ಮಾಮೂಲಿ ಲ್ಯಾನ್ ವೈರಿನ ಸಂಕೇತಕ್ಕೆ ಬದಲಾಯಿಸುತ್ತದೆ, ಅಷ್ಟೇ. ಒಳಗೆ ಬಿಡುವುದು, ಬಿಡದಿರುವುದು ಆ ಕಡೆ ಇರುವ ಸರ್ವರ್‌ನ ಕೆಲಸ. ಅದಕ್ಕೆ ಬೇಕಾದದ್ದು ಪಿಪಿಪಿಒಇ ಎನ್ನುವ ಲಾಗಿನ್. ಹಳೇ ಫೋನ್ ಲೈನಿನ ಡಯಲ್‌ಅಪ್ ಪದ್ಧತಿಯನ್ನೇ ಈಥರ್ನೆಟ್ ಮೇಲೆ ಕೂರಿಸಿದ್ದು ಇದು. 1999ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 2516 ಅಂತ ಪ್ರಕಟವಾಯಿತು. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ಪದ್ಧತಿಗಳನ್ನು ಬರೆದಿಡುವ ದಾಖಲೆ. ವೈರ್ ನಮ್ಮ ಮನೆಗೇ ಬಂದಿರುವಾಗ ಮತ್ತೆ ಲಾಗಿನ್ ಯಾಕೆ ಅನ್ನಿಸುತ್ತದೆ, ಅಲ್ವಾ? ಬೀದಿಯ ಒಂದು ಎಳೆಯೇ ಸ್ಪ್ಲಿಟರ್‌ನಲ್ಲಿ ಕವಲೊಡೆದು ಹತ್ತಾರು ಮನೆಗೆ ಹೋಗಿರುತ್ತದೆ. ಯಾರ ಪ್ಲಾನ್ ಯಾವುದು, ಯಾರ ಸ್ಪೀಡ್ ಎಷ್ಟು, ಯಾರು ದುಡ್ಡು ಕಟ್ಟಿಲ್ಲ ಎನ್ನುವ ಲೆಕ್ಕವೆಲ್ಲ ಯೂಸರ್ ಐಡಿಗೆ ಗಂಟು ಹಾಕಿಕೊಂಡಿರುತ್ತದೆ.

ಇದರಲ್ಲಿ ವಿಂಡೋಸ್ ಎಲ್ಲಿಂದ ಬಂತು? ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಪಿಪಿಪಿಒಇ 2001ರ ಜನವರಿಯಲ್ಲಿ ಬಂದ 2.4ನೇ ಆವೃತ್ತಿಯಲ್ಲೇ ಇತ್ತು. ತನ್ನದೇ ಪಿಪಿಪಿಒಇ ಡಯಲರ್ ಇಟ್ಟುಕೊಂಡು ವಿಂಡೋಸ್ ಎಕ್ಸ್‌ಪಿ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. 2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾವನ್ ಬ್ರಾಡ್‌ಬ್ಯಾಂಡ್ ಶುರುವಾದಾಗ ಲಿನಕ್ಸ್ ಇಟ್ಟುಕೊಂಡವರು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಪಿಪಿಪಿಒಇಕಾನ್ಫ್ ಓಡಿಸಿ, ಅದು ಕೇಳಿದ್ದಕ್ಕೆಲ್ಲ ಎಸ್ ಅಂತ ಒತ್ತಿ, ಆಮೇಲೆ ದಿನಾ ಪಾನ್ ಅಂತ ಕೊಟ್ಟು ಇಂಟರ್ನೆಟ್ ಹತ್ತುತ್ತಿದ್ದರು, ಪಾಫ್ ಅಂತ ಕೊಟ್ಟು ಇಳಿಯುತ್ತಿದ್ದರು. ಲಿನಕ್ಸಿನದೇ ಒಂದು ಬಗೆಯಾದ ಉಬುಂಟುವಿನ ಸಿಡಿ ಅಂಚೆಯಲ್ಲಿ ಪುಕ್ಕಟೆ ಬರುತ್ತಿದ್ದ ಕಾಲ ಅದು. ಹಾಗಾಗಿ ಹುಡುಗನ ಮಾತಿಗೆ ನಾನು ಹೆದರಲಿಲ್ಲ. ಆದರೆ ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ.

ನನ್ನದು ಲಿನಕ್ಸ್ ಮಿಂಟ್ 21, ಅದೂ ಲಿನಕ್ಸಿನ ಒಂದು ಬಗೆ. ಪ್ಯಾನಲ್ಲಿನ ನೆಟ್‌ವರ್ಕ್ ಐಕಾನ್ ಒತ್ತಿ, ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು, ಕೆಳಗಿನ ಪ್ಲಸ್ ಒತ್ತಿದರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಡಿಎಸ್‌ಎಲ್/ಪಿಪಿಪಿಒಇ ಆರಿಸಿಕೊಂಡೆ. ಹೆಸರಿನಲ್ಲಿ ಡಿಎಸ್‌ಎಲ್ ಇದ್ದರೂ ಫೈಬರಿಗೂ ಅದೇ. ಮಾಮೂಲಿ ಸೆಟ್ಟಿಂಗ್ಸ್ ಕಿಟಕಿಯಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ. ಲಿನಕ್ಸಿನಲ್ಲೇ ನೋಮ್ ಎನ್ನುವ ಬೇರೆ ಡೆಸ್ಕ್‌ಟಾಪ್ ಇರುವವರೂ ಇದೇ ಹಳೇ ಕಿಟಕಿಗೇ ಬರಬೇಕು, ಇಲ್ಲ ಟರ್ಮಿನಲ್‌ನಲ್ಲಿ ಎನ್‌ಎಂಸಿಎಲ್‌ಐ ಎನ್ನುವ ಆಜ್ಞೆ ಬಳಸಬೇಕು.

ತೆರೆದ ಪುಟದಲ್ಲಿ ಯೂಸರ್‌ನೇಮ್, ಸರ್ವಿಸ್, ಪಾಸ್‌ವರ್ಡ್ ಅಂತ ಮೂರು ಕಾಲಂ. ಯೂಸರ್‌ನೇಮ್ ಹಾಕಿದೆ, ಅಟ್ ಚಿಹ್ನೆ ಮತ್ತು ಅದರ ಮುಂದಿನ ಬಾಲ ಸಮೇತ. ಸರ್ವಿಸ್ ಅಂದರೆ ಯಾರ ಸರ್ವಿಸ್ ಅಂತ ಕೇಳುತ್ತಿರಬೇಕು ಅಂದುಕೊಂಡು ಕಂಪನಿಯ ಹೆಸರು ತುಂಬಿದೆ. ಖಾಲಿ ಜಾಗ ಕಂಡರೆ ತುಂಬುವುದು ನಮ್ಮ ರಕ್ತದಲ್ಲೇ ಇದೆ, ಸರ್ಕಾರಿ ಅರ್ಜಿ ತುಂಬಿ ತುಂಬಿ. ಪಾಸ್‌ವರ್ಡ್ ಹಾಕಿ ಸೇವ್ ಮಾಡಿ ಕನೆಕ್ಟ್ ಒತ್ತಿದೆ.

ಐಕಾನ್ ಸುತ್ತಿತು, ಸುತ್ತಿತು, ನಿಂತಿತು. ಮತ್ತೆ ಒತ್ತಿದರೆ ಅದೇ ಕಥೆ. ಇದರ ಮಧ್ಯೆ ವೈರ್ಡ್ ಕನೆಕ್ಷನ್ 1 ಅಂತ ಮಿಂಟ್ ತಾನೇ ಮಾಡಿಟ್ಟಿದ್ದ ಇನ್ನೊಂದು ಸಂಪರ್ಕ ಅದೇ ಪೋರ್ಟನ್ನು ಹಿಡಿದುಕೊಂಡು, ಕೊಡುವವರೇ ಇಲ್ಲದ ಕಡೆ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನ ವಿಳಾಸ, ಕೇಳುತ್ತಾ ಕೂತಿತ್ತು. ಅದರ ಆಟೋಮ್ಯಾಟಿಕ್ ಟಿಕ್ ತೆಗೆದು ಸುಮ್ಮನಾಗಿಸಿದೆ.

ಕಣ್ಣಾಮುಚ್ಚಾಲೆ ಸಾಕು ಅಂತ ಟರ್ಮಿನಲ್ ತೆರೆದು, ಒಳಗೆ ಏನೇನಾಯಿತು ಅನ್ನುವ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಆಜ್ಞೆ ಕೊಟ್ಟೆ. ಕೆಳಗಿಂದ ಮೇಲೆ ಓದಿದರೆ ಒಂದೇ ಸಾಲು ಮತ್ತೆ ಮತ್ತೆ: 'ಟೈಮ್‌ಔಟ್ ವೇಟಿಂಗ್ ಫಾರ್ ಪಾಡೋ ಪ್ಯಾಕೆಟ್ಸ್'.

ಲಾಗಿನ್ ಆಗುವ ಮೊದಲು ಈ ಎರಡು ಕಡೆಯವರು ನಾಲ್ಕು ಮಾತಾಡಿಕೊಳ್ಳುತ್ತಾರೆ. ನಮ್ಮ ಲ್ಯಾಪ್‌ಟಾಪ್ ಮೊದಲು "ಯಾರಾದ್ರೂ ಇದ್ದೀರಾ?" ಅಂತ ಕೂಗುತ್ತದೆ. ಅದು ಪಾಡಿ. "ನಾನಿದ್ದೀನಿ" ಅಂತ ಆ ಕಡೆಯ ಸರ್ವರ್ ಹೇಳುವುದು ಪಾಡೋ. "ಹಾಗಾದ್ರೆ ನಿನ್ನ ಜೊತೆನೇ ಮಾತು" ಅನ್ನುವುದು ಪಾಡರ್. "ಸರಿ, ತಗೋ ನಿನ್ನ ಸೆಷನ್ ನಂಬರ್" ಅನ್ನುವುದು ಪಾಡ್ಸ್. ಯೂಸರ್‌ನೇಮ್, ಪಾಸ್‌ವರ್ಡಿನ ಮಾತು ಇದೆಲ್ಲ ಮುಗಿದ ಮೇಲೆ. ನನ್ನದು ಎರಡನೇ ಮಾತಿಗೇ ನಿಂತುಹೋಗಿತ್ತು. ಕೂಗುತ್ತಿದ್ದೇನೆ, ಓ ಅನ್ನುವವರಿಲ್ಲ. ಅಂದರೆ ಪಾಸ್‌ವರ್ಡ್ ಸರಿಯೋ ತಪ್ಪೋ ಅಂತ ಯಾರೂ ಇನ್ನೂ ನೋಡಿಯೇ ಇಲ್ಲ.

ವೈರ್ ಕಿತ್ತು ಹಾಕಿದೆ. ಪೆಟ್ಟಿಗೆ ಆರಿಸಿ ಹಚ್ಚಿದೆ. ಹುಡುಗನ ಲ್ಯಾಪ್‌ಟಾಪಿಗೆ ಬಂದದ್ದು ನನಗೆ ಯಾಕೆ ಬರಲ್ಲ? ಅಮ್ಮ ಒಳಗಿಂದ, "ಅಷ್ಟೆಲ್ಲ ಒದ್ದಾಡೋ ಬದಲು ಎಲ್ಲರ ಹಾಗೆ ವಿಂಡೋಸ್ ಹಾಕ್ಕೋಬಾರ್ದೇನೇ?" ಅಂದರು. ವಿಂಡೋಸ್ ಅನ್ನೋ ಹೆಸರು ಅವರಿಗೆ ಆ ದಿನವೇ ಗೊತ್ತಾದದ್ದು.

ಊಟ ಮಾಡಿ ಬಂದು ಮತ್ತೆ ಆ ಮೂರು ಕಾಲಂ ನೋಡಿದೆ. ಸರ್ವಿಸ್ ಕಾಲಂಗೆ ಹೆಸರು ಹಾಕಿದರೆ ಆ ಕೂಗೇ ಬದಲಾಗುತ್ತದೆ. "ಯಾರಾದ್ರೂ ಇದ್ದೀರಾ" ಅಲ್ಲ, "ಇಂಥಾ ಹೆಸರಿನ ಸೇವೆ ಕೊಡೋರು ಯಾರಾದ್ರೂ ಇದ್ದೀರಾ" ಅಂತ. ಆ ಹೆಸರಿನ ಸೇವೆ ಇಲ್ಲದ ಸರ್ವರ್ ಉತ್ತರ ಕೊಡಲೇಬಾರದು ಅಂತ ಆರ್‌ಎಫ್‌ಸಿಯೇ ಹೇಳುತ್ತದೆ. ಇಲ್ಲ ಅಂತಲೂ ಅನ್ನುವುದಿಲ್ಲ, ಬಾಯಿ ಮುಚ್ಚಿಕೊಂಡಿರುತ್ತದೆ. ನಾನು ಪ್ರೀತಿಯಿಂದ ತುಂಬಿದ ಕಂಪನಿ ಹೆಸರು ಆ ಸರ್ವರ್‌ಗೆ ಯಾವ ಸಂಬಂಧವೂ ಇಲ್ಲದ ಹೆಸರು. ಅಳಿಸಿದೆ. ಕನೆಕ್ಟ್ ಒತ್ತಿದೆ. ಪಾಡೋ ಬಂತು, ಪಾಡ್ಸ್ ಬಂತು, ಸೆಷನ್ ನಂಬರ್ ಬಂತು.

ಹಿಂದೆಯೇ ಪಾಸ್‌ವರ್ಡ್ ಕೇಳುವ ಪುಟ್ಟ ಕಿಟಕಿಯೂ ಬಂತು.

ಪಾಸ್‌ವರ್ಡ್ ಹಾಕಿದೆ. ಮತ್ತೆ ಕೇಳಿತು. ಮತ್ತೆ ಹಾಕಿದೆ. ರಸೀದಿಯಲ್ಲಿ ಹುಡುಗ ಬರೆದದ್ದು ಅಂಕಿ ಒಂದಾ, ಸಣ್ಣ ಎಲ್ ಅಕ್ಷರವಾ ಅಂತ ಎರಡೂ ನೋಡಿದೆ. ಲಾಗ್‌ನಲ್ಲಿ ಈಗ ಹೊಸ ಸಾಲು: 'ಚಾಪ್ ಅಥೆಂಟಿಕೇಷನ್ ಫೇಲ್ಡ್'. ಪಾಸ್‌ವರ್ಡನ್ನು ವೈರಿನ ಮೇಲೆ ನೇರ ಕಳಿಸದೆ, ಸರ್ವರ್ ಕೊಟ್ಟ ಒಂದು ಸಂಖ್ಯೆಯ ಜೊತೆ ಕಲಸಿ ಕಳಿಸುವ ಪದ್ಧತಿಗೆ ಚಾಪ್ ಅನ್ನುತ್ತಾರೆ. ಉತ್ತರ ಹಿಡಿಸದಿದ್ದರೆ ಸರ್ವರ್ ಫೇಲ್ ಅನ್ನುತ್ತದೆ. ಯಾಕೆ ಫೇಲ್ ಅನ್ನುವುದನ್ನು ನಮ್ಮ ಸರ್ವರ್ ಹೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಜಗಲಿಯ ಕಂಬಕ್ಕೆ ಒರಗಿಕೊಂಡು ಆಫೀಸಿಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹುಡುಗಿ ಮೊದಲು ಕೇಳಿದ್ದು, "ವಿಂಡೋಸ್ ಟೆನ್ನಾ, ಲೆವೆನ್ನಾ ಮೇಡಂ?" ಲಿನಕ್ಸ್ ಅಂದೆ. ಕೀಬೋರ್ಡ್ ಸದ್ದು ನಿಂತಿತು. "ಲಿನಕ್ಸ್‌ಗೆ ಸಪೋರ್ಟ್ ಇಲ್ಲ ಮೇಡಂ."

ಈ ಮಾತು ನಾನು ಮೊದಲ ಸಲ ಕೇಳಿದ್ದಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾಗ ಅಲ್ಲಿನ ಕೇಬಲಿನವರದು ಬೇರೆ ನಮೂನೆ. ವೈರ್ ಹಾಕಿದರೆ ಐಪಿ ಅಡ್ರೆಸ್ ಸಿಗುತ್ತಿತ್ತು, ಆದರೆ ಬ್ರೌಸರಿನಲ್ಲಿ ಒಂದು ಲಾಗಿನ್ ಪುಟ ತುಂಬದ ಹೊರತು ಏನೂ ತೆರೆಯುತ್ತಿರಲಿಲ್ಲ. ಅದಕ್ಕೊಂದು ವಿಂಡೋಸ್ ಪ್ರೋಗ್ರಾಂ ಕೊಟ್ಟಿದ್ದರು. ಲಿನಕ್ಸಿನವರು ಪುಟವನ್ನೇ ತೆರೆಯಬೇಕು. ಅದಾದರೂ ಸುಮ್ನೆ ತೆರೆಯುತ್ತದೆಯೇ? ಎಚ್‌ಟಿಟಿಪಿಎಸ್ ವಿಳಾಸ ಕೊಟ್ಟರೆ, ಮಧ್ಯೆ ಯಾರೋ ಕೈ ಹಾಕುತ್ತಿದ್ದಾರೆ ಅಂತ ಫೈರ್‌ಫಾಕ್ಸ್ ಎಚ್ಚರಿಕೆ ಕೊಡುತ್ತಿತ್ತು. ಅದರ ತಪ್ಪೇನಿಲ್ಲ, ನಿಜಕ್ಕೂ ಕೈ ಹಾಕುತ್ತಿದ್ದರು. ಎಸ್ ಇಲ್ಲದ ಬರೀ ಎಚ್‌ಟಿಟಿಪಿ ವಿಳಾಸ ಕೊಟ್ಟರೆ ಮಾತ್ರ ಲಾಗಿನ್ ಪುಟ ಎದುರಿಗೆ ಬರುತ್ತಿತ್ತು. ಆ ಟ್ಯಾಬ್ ಮುಚ್ಚುವಂತಿರಲಿಲ್ಲ. ಮುಚ್ಚಿದರೆ, ಲ್ಯಾಪ್‌ಟಾಪ್ ನಿದ್ದೆ ಹೋದರೆ, ಲಾಗ್‌ಔಟ್.

ಒಂದು ಭಾನುವಾರ ಕೂತು ಎಫ್12 ಒತ್ತಿ, ನೆಟ್‌ವರ್ಕ್ ಪಟ್ಟಿಯಲ್ಲಿ ಆ ಪುಟ ಏನು ಕಳಿಸುತ್ತಿದೆ ಅಂತ ನೋಡಿದ್ದೆ. ಯೂಸರ್‌ನೇಮ್, ಪಾಸ್‌ವರ್ಡ್, ಮೋಡ್ ಅಂತ ಒಂದು ಸಂಖ್ಯೆ. ಒಳಗೆ ಬರಲು 191, ಹೊರಗೆ ಹೋಗಲು 193. ಇಷ್ಟೇನಾ ಅನ್ನಿಸಿತು. ಬ್ರೌಸರ್ ಇಲ್ಲದೆಯೇ ವೆಬ್ ಪುಟಕ್ಕೆ ಮಾಹಿತಿ ಕಳಿಸುವ ಕರ್ಲ್ ಬಳಸಿ ಆರು ಸಾಲಿನ ಸ್ಕ್ರಿಪ್ಟ್ ಬರೆದು, ಲಿನಕ್ಸಿನಲ್ಲಿ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರಿನ ಡಿಸ್ಪ್ಯಾಚರ್ ಫೋಲ್ಡರಿನಲ್ಲಿಟ್ಟೆ. ವೈರ್ ಹಾಕಿದ ತಕ್ಷಣ ಅದು ತಾನೇ ಓಡುತ್ತದೆ. ಫೈಲ್ ರೂಟ್ ಹೆಸರಿನಲ್ಲಿರಬೇಕು (ಯಂತ್ರದ ಯಜಮಾನ ಖಾತೆ ಅದು), ಓಡಿಸುವ ಅನುಮತಿ ಕೊಟ್ಟಿರಬೇಕು, ಇಲ್ಲದಿದ್ದರೆ ಮುಟ್ಟುವುದಿಲ್ಲ. ಅದು ಗೊತ್ತಿಲ್ಲದೆ ಒಂದು ಸಂಜೆ ಹಾಳಾಗಿತ್ತು. ಆಮೇಲೆ ಆ ಮನೆಯಲ್ಲಿದ್ದಷ್ಟು ದಿನ ಲಾಗಿನ್ ಪುಟದ ಮುಖ ನೋಡಲಿಲ್ಲ.

ಹಾಗಾಗಿ ಸಾಗರದಲ್ಲೂ ಲಿನಕ್ಸಿನ ಮೇಲೆ ನನಗೆ ಅನುಮಾನ ಬರಲಿಲ್ಲ. ಆ ಕಡೆಯವರಿಗೆ ನಾನು ಕೊಡದೇ ಇರುವುದು ಏನೋ ಇದೆ, ಏನದು? ಹುಡುಗನಿಗೇ ಫೋನ್ ಹಚ್ಚಿದೆ. ಪಾಪ, ಯಾವುದೋ ಕಂಬದ ಮೇಲಿದ್ದ.

"ನೀನು ನಿನ್ನೆ ನಿನ್ನ ಲ್ಯಾಪ್‌ಟಾಪಲ್ಲಿ ಹಾಕಿದ್ದೂ ಇದೇ ಐಡಿನಾ?"

"ಹೌದಕ್ಕಾ, ನಿಮ್ದೇ."

"ಇನ್ನೊಂದು ಮನೇಲಿ ಅದನ್ನೇ ಹಾಕಿದ್ರೆ ಬರುತ್ತಾ?"

"ಬರಲ್ಲಕ್ಕಾ, ಮ್ಯಾಕ್ ಲಾಕ್ ಆಗಿರತ್ತಲ್ಲ..." ಅಂದವನು ಅಲ್ಲೇ ನಿಲ್ಲಿಸಿದ. ಇಬ್ಬರೂ ಒಂದು ಕ್ಷಣ ಸುಮ್ಮನಿದ್ದೆವು. "ಅಯ್ಯೋ, ಮರ್ತೇ ಹೋಯ್ತು."

ಪ್ರತಿ ಲ್ಯಾನ್ ಪೋರ್ಟಿಗೂ ಮ್ಯಾಕ್ ಅಡ್ರೆಸ್ ಅಂತ ಒಂದು ಗುರುತು ಇರುತ್ತದೆ. ಒಂದು ಐಡಿಯನ್ನು ನಾಲ್ಕು ಮನೆಯವರು ಹಂಚಿಕೊಳ್ಳದಿರಲಿ ಅಂತ, ಮೊದಲು ಲಾಗಿನ್ ಆದ ಯಂತ್ರದ ಮ್ಯಾಕ್ ಅನ್ನು ಈ ಆಪರೇಟರ್ ಆ ಐಡಿಗೆ ಕಟ್ಟಿಹಾಕುತ್ತಿದ್ದ. ಸ್ಪೀಡ್ ಟೆಸ್ಟಿನ ಫೋಟೋಗಾಗಿ ನನ್ನ ಐಡಿ ಹೋಗಿ ಹುಡುಗನ ಲ್ಯಾಪ್‌ಟಾಪಿಗೆ ಕಟ್ಟಿಕೊಂಡಿತ್ತು. ನನ್ನ ಲ್ಯಾಪ್‌ಟಾಪ್ ಸರಿಯಾದ ಪಾಸ್‌ವರ್ಡ್ ಹೇಳುತ್ತಿತ್ತು, ಆದರೆ ಮುಖ ಬೇರೆ.

ಮತ್ತೆ ಆಫೀಸಿಗೆ ಫೋನ್. ಈ ಸಲ ಲಿನಕ್ಸಿನ ಸುದ್ದಿಯೇ ಎತ್ತಲಿಲ್ಲ. "ಹೊಸ ಲ್ಯಾಪ್‌ಟಾಪ್ ತಗೊಂಡಿದೀನಿ, ಮ್ಯಾಕ್ ರಿಲೀಸ್ ಮಾಡ್ಕೊಡಿ" ಅಂದೆ. ಲ್ಯಾಪ್‌ಟಾಪ್ 2014ರದ್ದು, ಸ್ಪೇಸ್ ಬಾರ್ ಸವೆದು ಹೊಳೆಯುತ್ತಿದೆ. ಇರಲಿ. "ಎರಡು ನಿಮಿಷ ಬಿಟ್ಟು ನೋಡಿ ಮೇಡಂ" ಅಂದಳು ಅದೇ ಹುಡುಗಿ. ಲಿನಕ್ಸ್ ಇದ್ದರೆ ಇಲ್ಲದ ಸಪೋರ್ಟ್, ಹೊಸ ಲ್ಯಾಪ್‌ಟಾಪ್ ಅಂದರೆ ಇದೆ.

ಎರಡು ನಿಮಿಷಕ್ಕೆ ಸರಿಯಾಗಿ ಕನೆಕ್ಟ್ ಒತ್ತಿದೆ. ಪಿಪಿಪಿ0 ಅಂತ ಹೊಸ ಇಂಟರ್‌ಫೇಸ್ ಹುಟ್ಟಿತು, 100ರಿಂದ ಶುರುವಾಗುವ ಐಪಿ ಅಡ್ರೆಸ್ ಸಿಕ್ಕಿತು. ಹಲವು ಮನೆಗಳಿಗೆ ಒಂದೇ ಹೊರ ವಿಳಾಸ ಹಂಚುವಾಗ ಕೊಡುವ ಒಳ ವಿಳಾಸ ಅದು. ನನ್ನ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಮೂರು ದಿನದಿಂದ ಬಾಕಿಯಿದ್ದ ಪಿಡಿಎಫ್ ಅಮ್ಮ ಕಾಫಿ ತರುವುದರೊಳಗೆ ಹೋಗಿತ್ತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸಂಜೆ ಲ್ಯಾಪ್‌ಟಾಪಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ ಅಮ್ಮನ ಫೋನಿಗೂ ಕೊಟ್ಟೆ. ಯೂಟ್ಯೂಬ್ ಬಂತು. ವಾಟ್ಸ್ಯಾಪ್ ಬಂತು. ಅವರ ಬ್ಯಾಂಕಿನ ಪುಟ ಮಾತ್ರ ಬೆಳ್ಳಗೆ ನಿಂತುಬಿಟ್ಟಿತು. ಅದೇ ಪುಟ ಲ್ಯಾಪ್‌ಟಾಪಿನಲ್ಲಿ ಚಕ್ ಅಂತ ತೆರೆಯುತ್ತದೆ. "ನನ್ನ ಫೋನ್ ಹಳೇದಾಯ್ತು ಕಣೇ" ಅಂತ ಅಮ್ಮ ತಪ್ಪನ್ನು ತಾವೇ ತಲೆ ಮೇಲೆ ಹಾಕಿಕೊಂಡರು.

ಫೋನಿನದೂ ತಪ್ಪಲ್ಲ, ಬ್ಯಾಂಕಿನದೂ ಅಲ್ಲ, ಎಂಟು ಬೈಟಿನದು. ಈಥರ್ನೆಟ್‌ನಲ್ಲಿ ಒಂದು ಸಲಕ್ಕೆ 1500 ಬೈಟಿನ ಪೊಟ್ಟಣ ಹೋಗುತ್ತದೆ. ಪಿಪಿಪಿಒಇ ತನ್ನ ಚೀಟಿ ಅಂಟಿಸಲು ಅದರಲ್ಲಿ 8 ಬೈಟ್ ತೆಗೆದುಕೊಂಡರೆ ನಮಗೆ ಉಳಿಯುವುದು 1492. ಪರೀಕ್ಷೆ ಮಾಡೋಣ ಅಂತ ಲ್ಯಾಪ್‌ಟಾಪಿನಿಂದ, ಒಡೆಯಬೇಡ ಅಂತ ಹೇಳಿ ಪಿಂಗ್ ಕಳಿಸಿದೆ. 1464 ಹೋಯಿತು. 1465 ಅಂದ ತಕ್ಷಣ ಉದ್ದ ಜಾಸ್ತಿಯಾಯಿತು ಅಂದಿತು. 1464ಕ್ಕೆ ಹೆಡರ್‌ಗಳ 28 ಸೇರಿಸಿದರೆ 1492, ಲೆಕ್ಕ ಸರಿ. ಲ್ಯಾಪ್‌ಟಾಪಿಗೆ ಈ ಮಿತಿ ಗೊತ್ತು, ಯಾಕೆಂದರೆ ಡಯಲ್ ಮಾಡಿದ್ದೇ ಅದು. ಫೋನಿಗೆ ಗೊತ್ತಿಲ್ಲ. ಅದು ಬ್ಯಾಂಕಿನ ಸರ್ವರಿಗೆ "ದೊಡ್ಡ ಪೊಟ್ಟಣವೇ ಕಳಿಸು, ಪರವಾಗಿಲ್ಲ" ಅನ್ನುತ್ತದೆ. ಆ ದೊಡ್ಡ ಪೊಟ್ಟಣ ಆಪರೇಟರಿನ ಬಾಗಿಲಲ್ಲಿ ಹಿಡಿಸದೆ ಸಿಕ್ಕಿಕೊಳ್ಳುತ್ತದೆ. ಹಿಡಿಸಲಿಲ್ಲ ಅಂತ ವಾಪಸ್ ಹೋಗುವ ಸಂದೇಶವನ್ನು ಕೆಲವು ಸರ್ವರ್‌ಗಳ ಮುಂದಿನ ಫೈರ್‌ವಾಲ್ ಒಳಗೇ ಬಿಡುವುದಿಲ್ಲ. ಸರ್ವರ್ ಕಾಯುತ್ತದೆ, ಫೋನೂ ಕಾಯುತ್ತದೆ.

ಮದ್ದು ಒಂದೇ ಸಾಲಿನದು. ಲ್ಯಾಪ್‌ಟಾಪನ್ನು ದಾಟಿ ಹೋಗುವ ಪ್ರತಿ ಹೊಸ ಸಂಪರ್ಕದಲ್ಲೂ ಆ "ದೊಡ್ಡದು ಕಳಿಸು" ಎನ್ನುವ ಅಂಕಿಯನ್ನು 1460ರಿಂದ 1452ಕ್ಕೆ ಇಳಿಸು ಅಂತ ಲಿನಕ್ಸಿನ ಫೈರ್‌ವಾಲ್ ಆದ ಐಪಿಟೇಬಲ್ಸ್‌ಗೆ ಹೇಳುವುದು. 1492ರಲ್ಲಿ ಹೆಡರ್‌ಗಳ 40 ಕಳೆದರೆ 1452. ಎಂಎಸ್‌ಎಸ್ ಕ್ಲ್ಯಾಂಪಿಂಗ್ ಅನ್ನುತ್ತಾರೆ. ಆ ಸಾಲನ್ನೂ ಡಿಸ್ಪ್ಯಾಚರ್ ಫೋಲ್ಡರಿನಲ್ಲೇ ಒಂದು ಸ್ಕ್ರಿಪ್ಟ್ ಮಾಡಿ ಇಟ್ಟೆ. ಈ ಸಲ ರೂಟ್ ಹೆಸರು, ಅನುಮತಿ ಎರಡೂ ಮೊದಲೇ. ಬ್ಯಾಂಕಿನ ಪುಟ ತೆರೆಯಿತು. ಅಮ್ಮ ಬಾಕಿ ನೋಡಿ, ಇದಕ್ಕಾ ಇಷ್ಟೆಲ್ಲ ಅನ್ನುವ ಹಾಗೆ ಫೋನ್ ಕೆಳಗಿಟ್ಟರು.

ಆಮೇಲೆ ಮಳೆ ಜೋರಾಯಿತು. ನಮ್ಮ ಕಡೆ ಮಳೆ ಅಂದರೆ ಕರೆಂಟ್ ಹೋಗುವುದು ಅಂತಲೇ ಅರ್ಥ. ಕರೆಂಟ್ ಹೋದಾಗ ಗೋಡೆಯ ಪೆಟ್ಟಿಗೆ ತಟ್ಟನೆ ಸಾಯುತ್ತದೆ. ಹೊರಡುವಾಗ "ಹೋಗ್ಬರ್ತೀನಿ" ಅಂತ ಹೇಳುವ ಐದನೇ ಮಾತೊಂದಿದೆ, ಪಾಡ್ಟ್ ಅಂತ. ಅದನ್ನು ಹೇಳಲು ಪುರುಸೊತ್ತೇ ಇರುವುದಿಲ್ಲ. ಸರ್ವರ್ ಪಾಲಿಗೆ ನಾನಿನ್ನೂ ಒಳಗೇ ಇದ್ದೇನೆ. ಕರೆಂಟ್ ಬಂದ ಕೂಡಲೇ ಮತ್ತೆ ಡಯಲ್ ಮಾಡಿದರೆ, ಒಂದು ಐಡಿಗೆ ಒಂದೇ ಲಾಗಿನ್ ಅಂತ ತಳ್ಳುತ್ತದೆ. ಲಾಗ್‌ನಲ್ಲಿ ಅದೇ ಚಾಪ್ ಫೇಲ್. ಮೊದಲ ಸಲ ನಾನು ಮತ್ತೆ ಮ್ಯಾಕ್ ಗಲಾಟೆ ಅಂದುಕೊಂಡು ಆಫೀಸಿಗೆ ಫೋನ್ ಮಾಡುವುದರಲ್ಲಿದ್ದೆ. ಅಷ್ಟರಲ್ಲಿ ತಾನೇ ಸರಿಹೋಯಿತು. "ಇದ್ದೀಯಾ" ಅಂತ ಸರ್ವರ್ ಆಗಾಗ ಕೇಳುತ್ತಿರುತ್ತದೆ, ನಾಲ್ಕಾರು ಸಲ ಉತ್ತರ ಬರದಿದ್ದರೆ ಹಳೇ ಸೆಷನ್ ಅಳಿಸುತ್ತದೆ. ನಮ್ಮಲ್ಲಿ ಅದಕ್ಕೆ ಸುಮಾರು ಐದು ನಿಮಿಷ ಹಿಡಿಯುತ್ತದೆ. ಈಗ ಕರೆಂಟ್ ಬಂದರೆ ನಾನು ಮೊದಲು ಹಂಡೆಗೆ ನೀರು ಬಿಟ್ಟು ಬರುತ್ತೇನೆ.

ಇನ್ನೊಂದು ಸಣ್ಣ ವಿಷಯ. ಪಾಸ್‌ವರ್ಡ್ ಕಾಲಂನ ತುದಿಯಲ್ಲಿ ಒಂದು ಚಿಕ್ಕ ಐಕಾನ್ ಇದೆ. ಅದನ್ನು ಒತ್ತಿ ಎಲ್ಲ ಬಳಕೆದಾರರಿಗೂ ಅಂತ ಇಟ್ಟರೆ ಲ್ಯಾಪ್‌ಟಾಪ್ ಹಚ್ಚಿದ ಕೂಡಲೇ, ನಾವು ಲಾಗಿನ್ ಆಗುವ ಮೊದಲೇ ಡಯಲ್ ಆಗಿರುತ್ತದೆ. ಹಾಗೆ ಇಟ್ಟರೆ ಪಾಸ್‌ವರ್ಡ್ ರೂಟ್ ಮಾತ್ರ ಓದಬಹುದಾದ ಫೈಲಿನಲ್ಲಿ ಬರಿಗಣ್ಣಿಗೆ ಕಾಣುವ ಹಾಗೇ ಇರುತ್ತದೆ. ನನಗೆ ಪರವಾಗಿಲ್ಲ ಅನ್ನಿಸಿತು.

ಎರಡು ತಿಂಗಳು ಹೀಗೇ ನಡೆಯಿತು. ನಾನು ಶಿವಮೊಗ್ಗಕ್ಕೆ ಹೋಗಿ ಎರಡು ದಿನ ಉಳಿದಾಗ ಮಾತ್ರ ಸಿಕ್ಕಿಬಿದ್ದೆ. ಲ್ಯಾಪ್‌ಟಾಪ್ ನನ್ನ ಜೊತೆ, ಮನೆಯಲ್ಲಿ ಇಂಟರ್ನೆಟ್ ಇಲ್ಲ, ಅಮ್ಮನ ಧಾರಾವಾಹಿ ಇಲ್ಲ. ಬರುವಾಗ ರೌಟರ್ ತಗೊಂಡೇ ಬಂದೆ.

ರೌಟರಿನ ಪುಟದಲ್ಲೂ ಅದೇ ಮೂರು ಕಾಲಂ. ಸರ್ವಿಸ್ ನೇಮ್ ಖಾಲಿ ಬಿಟ್ಟೆ. ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ ಸೇವ್ ಮಾಡಿದೆ. ಅಥೆಂಟಿಕೇಷನ್ ಫೇಲ್ಡ್. ಹೊಸ ಮುಖ ಅಲ್ವಾ. ಕ್ಲೋನ್ ಮ್ಯಾಕ್ ಅಂತ ಒಂದು ಬಟನ್ ಅದರಲ್ಲೇ ಇತ್ತು, ಲ್ಯಾಪ್‌ಟಾಪಿನ ಮ್ಯಾಕ್ ರೌಟರಿಗೆ ತೊಡಿಸಿದ್ದರೆ ಸಾಕಿತ್ತು. ನನಗೆ ಅದು ಕಂಡದ್ದು ಫೋನಿನಲ್ಲಿ ರಿಂಗ್ ಹೋಗುತ್ತಿರುವಾಗ.

"ಮ್ಯಾಕ್ ರಿಲೀಸ್ ಮಾಡ್ಬೇಕಿತ್ತು" ಅಂದೆ.

ಕೀಬೋರ್ಡ್ ಸದ್ದು. "ಮತ್ತೆ ಹೊಸ ಲ್ಯಾಪ್‌ಟಾಪಾ ಮೇಡಂ?"

"ಹೂಂ" ಅಂದೆ.